ತಿಂಗಳಿಗೆ ಮೂರು ದಿನ ಹೊರಗೆ

ಮಡಗಾಂವ್
8 ಸೆಪ್ಟೆಂಬರ್ 2024

ಮೃದುಲಾ,

ನೀನು ಗಾಲ್ವೇ ತಲುಪಿದ ಸುದ್ದಿ ಫೋನಿನಲ್ಲಿ ಕೇಳಿ ಸಮಾಧಾನವಾಯಿತು. ಆದರೆ ಆ ಫೋನಿನಲ್ಲಿ ಕೆಲಸದ ಮಾತು ಒಂದೂ ಆಗಲಿಲ್ಲ. ಸ್ಪೀಕರ್ ಹಾಕಿದ ಕೂಡಲೇ ನಿನ್ನವ್ವ ಊಟ ಕೇಳಿದಳು, ಪಕ್ಕದ ಮನೆಯ ಮೀನಾ ಚಳಿ ಕೇಳಿದಳು, ಕೆಳಗಿನ ಮನೆಯಿಂದ ಬಂದ ನಿನ್ನ ದೊಡ್ಡಪ್ಪ ಐರ್ಲೆಂಡಿನಲ್ಲಿ ಈಗ ಎಷ್ಟು ಗಂಟೆ ಎಂದು ಎರಡು ಸಲ ಕೇಳಿದರು. ಹಾಗಾಗಿ ಮುಖ್ಯ ವಿಷಯ ಇನ್ನು ಮುಂದೆ ಬರೆದೇ ತಿಳಿಸುತ್ತೇನೆ. ಬರೆದದ್ದನ್ನು ಆಫೀಸಿನಲ್ಲಿ ಸ್ಕ್ಯಾನ್ ಮಾಡಿ ಮೇಲ್ ಹಾಕುತ್ತೇನೆ. ನೀನೂ ಹಾಗೇ ಮಾಡು.

ವಿಷಯ ಆರೋಗ್ಯ ವಿಮೆ. ವಿಮೆಯ ಕಾಗದ ಇಲ್ಲದೆ ಅಲ್ಲಿ ವಾಸದ ಕಾರ್ಡು ಕೊಡುವುದಿಲ್ಲ ಎಂದೆಯಲ್ಲ, ಅದನ್ನು ಕೂತು ಓದಿದೆ. ಇಲ್ಲಿ ನಮ್ಮ ಏಜೆಂಟ್ ಜಾವೇದ ಕೊಡುವ ವಿದ್ಯಾರ್ಥಿ ಪ್ರವಾಸ ಪಾಲಿಸಿ ಎಲ್ಲಕ್ಕಿಂತ ಅಗ್ಗ. ಆದರೆ ನೀನೇ ಕಳಿಸಿದ ಸೂಚನೆಯ ಪ್ರಕಾರ ಅಂಥದ್ದನ್ನು ಅಲ್ಲಿನವರು ಮೊದಲ ವರ್ಷಕ್ಕೆ ಮಾತ್ರ ಒಪ್ಪುತ್ತಾರೆ. ಅಲ್ಲಿಯ ಜನ ತಾವು ತಗೊಳ್ಳುವ ಖಾಸಗಿ ವಿಮೆ ಗಟ್ಟಿ. ಕಾಯಿಲೆ ಇದೆ ಎಂದು ದರ ಏರಿಸುವುದಿಲ್ಲ. ಹೊಸದಾಗಿ ಸೇರಿದವರು ಮಾತ್ರ ಮೊದಲ ಆರು ತಿಂಗಳು ಕಾಯಬೇಕು, ಮೊದಲೇ ಇದ್ದ ಕಾಯಿಲೆಗೆ ಐದು ವರ್ಷ. ಇನ್ನು ನಿನ್ನ ವಿಶ್ವವಿದ್ಯಾಲಯ ತೋರಿಸುವ, ಹೊರದೇಶದ ವಿದ್ಯಾರ್ಥಿಗಳ ವಿಮೆ. ಅದು ಸೇರಿದ ದಿನದಿಂದಲೇ ನಡೆಯುತ್ತದೆ, ಕಂತೂ ಕಡಿಮೆ. ಆದರೆ ಮೊದಲೇ ಇದ್ದ ಕಾಯಿಲೆಗೆ ಅದರಲ್ಲಿ ಏನೂ ಇಲ್ಲ, ಎಷ್ಟು ವರ್ಷ ಕಾದರೂ ಇಲ್ಲ.

ನನ್ನ ಅಭಿಪ್ರಾಯ: ಅಲ್ಲಿಯ ಜನರದ್ದೇ ತಗೋ. ಅಗ್ಗದ ಪಾಲಿಸಿಯಲ್ಲಿ ಕಂಪನಿಗೆ ತಪ್ಪಿಸಿಕೊಳ್ಳಲು ಬಾಗಿಲು ಹೆಚ್ಚು. ಹಡಗಿನ ಸರಕಿನ ಕಾಗದ ಬರೆಯುತ್ತ ನನ್ನ ಕೂದಲು ಹಣ್ಣಾಗಿದೆ. ಮಾಲಿನ ಹೆಸರು ಒಂದಕ್ಷರ ತಪ್ಪಿದರೆ ಕಂಟೇನರ್ ವಾಸ್ಕೋ ಬಂದರಿನಲ್ಲೇ ನಿಲ್ಲುತ್ತದೆ. ವಿಮೆಯವರೂ ಅದೇ ಜಾತಿ.

ನಿನ್ನ ಅಪ್ಪ,
ವಸಂತ


ಗಾಲ್ವೇ
22 ಸೆಪ್ಟೆಂಬರ್ 2024

ಅಪ್ಪಾ,

ನಿಮ್ಮ ಪತ್ರ ಓದಿ, ವಿದ್ಯಾರ್ಥಿಗಳ ವಿಮೆಯನ್ನೇ ತಗೊಂಡೆ. ಸಿಟ್ಟಾಗಬೇಡಿ, ಲೆಕ್ಕ ಹಾಕಿಯೇ ತಗೊಂಡಿದ್ದೇನೆ. ನನ್ನ ಕೋರ್ಸು ಒಂದೇ ವರ್ಷ. ಅದರಲ್ಲಿ ಆರು ತಿಂಗಳು ಕಾಯುವುದರಲ್ಲೇ ಹೋದರೆ ಆ ಗಟ್ಟಿ ವಿಮೆ ಯಾರಿಗೆ? ಮೊದಲೇ ಇದ್ದ ಕಾಯಿಲೆ ನನಗೆ ಯಾವುದೂ ಇಲ್ಲ. ಅವ್ವನ ಕೈಯ ಊಟ ಬಿಟ್ಟು ಬಂದದ್ದೊಂದೇ ಕಾಯಿಲೆ.

ನನ್ನ ಜೊತೆ ಮನೆ ಹಂಚಿಕೊಂಡವಳು ಏಫಾ ಎಂಬ ಇಲ್ಲಿಯದೇ ಹುಡುಗಿ. ಅವಳಿಗೆ ಅಪ್ಪ ಅಮ್ಮನ ಜೊತೆಗೇ ಇಲ್ಲಿಯ ಖಾಸಗಿ ವಿಮೆ ಇದೆ. ಹುಟ್ಟಿದಾಗಿನಿಂದ ಇದೆಯಂತೆ. ಅದರೊಳಗೆ ಏನೇನಿದೆ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಹೊರಗಿನವರಾದ ನಾವು ಮಾತ್ರ ಸಣ್ಣ ಅಕ್ಷರಗಳನ್ನೂ ಓದಿಕೊಂಡು ಕೂತಿದ್ದೇವೆ.

ಇಲ್ಲಿಯ ಸಮುದ್ರದ ನೀರು ಕಾಲಿಟ್ಟರೆ ಕಚ್ಚುತ್ತದೆ. ಆದರೆ ಬಂಡೆಗಳ ಮೇಲೆ ಪಾಚಿ ಎಷ್ಟು ಬಗೆಯದು ಎಂದರೆ, ನಾನು ಗೋವೆಯ ಕಾಣಕೋಣದಲ್ಲಿ ಎರಡು ವರ್ಷ ಹುಡುಕಿದ್ದು ಇಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಚೆನ್ನಾಗಿ ಮಾಡಿದರೆ ಮುಂದಿನ ಸೆಪ್ಟೆಂಬರಿನಿಂದ ಪಿಎಚ್‌ಡಿಗೆ ಜಾಗ ಸಿಗಬಹುದು ಎಂದು ನಮ್ಮ ಪ್ರಾಧ್ಯಾಪಕಿ ಹೇಳಿದ್ದಾರೆ. ಇದನ್ನು ದೊಡ್ಡಪ್ಪನಿಗೆ ಈಗಲೇ ಹೇಳಬೇಡಿ. ಹುಬ್ಬಳ್ಳಿಯ ನೆಂಟರ ತನಕ ಸುದ್ದಿ ಹೋಗುತ್ತದೆ.

ನಿಮ್ಮ
ಮೃದುಲಾ


ಗಾಲ್ವೇ
2 ಮಾರ್ಚ್ 2025

ಅಪ್ಪಾ, ಅವ್ವಾ,

ಮನೆಗೆ ಬಂದಿದ್ದೇನೆ, ಕೂತು ಬರೆಯುತ್ತಿದ್ದೇನೆ, ಗಂಜಿ ಕುಡಿದಿದ್ದೇನೆ. ಮೊದಲು ಇದನ್ನು ಓದಿ ಉಸಿರು ಬಿಡಿ.

ಅಪೆಂಡಿಕ್ಸ್ ಒಳಗೇ ಒಡೆದಿತ್ತಂತೆ. ಕಳೆದ ಸೋಮವಾರ ಬೆಳಗ್ಗೆ ಲ್ಯಾಬಿನಲ್ಲಿದ್ದಾಗ ಶುರುವಾದ ನೋವು, ಮಧ್ಯಾಹ್ನಕ್ಕೆ ಜ್ವರ ಏರಿ ನನಗೆ ಮಾತೇ ತಪ್ಪಿತು. ಏಫಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ನಾನು ಡಾಕ್ಟರಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆನಂತೆ. ಅದಕ್ಕೇ ಅವರು ಮನೆಯ ನಂಬರು ಕೇಳಿ, ಕನ್ನಡ ಬರುವ ದುಭಾಷಿಯನ್ನು ಫೋನಿನಲ್ಲಿ ತಗೊಂಡು, ನಿಮಗೆ ಕರೆ ಮಾಡಿದ್ದು. ಔಷಧಿ ಆಗದೆ ಇರುವುದು ಏನಾದರೂ ಇದೆಯೇ, ಮೊದಲು ಆಪರೇಷನ್ ಆಗಿದೆಯೇ ಎಂದು ತಿಳಿಯಬೇಕಿತ್ತು ಅವರಿಗೆ. ಅವ್ವ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು ಎಂದು ನರ್ಸ್ ಹೇಳಿದರು.

ಆಪರೇಷನ್ ಆಗಿ ಹೊಟ್ಟೆಯ ಮೇಲೆ ಮೂರು ಸಣ್ಣ ಗಾಯ. ಇನ್ನೆರಡು ವಾರ ಭಾರ ಎತ್ತುವಂತಿಲ್ಲ. ಆಸ್ಪತ್ರೆಯ ಕಾಗದಗಳನ್ನೆಲ್ಲ ವಿಮೆಯವರಿಗೆ ಕಳಿಸಿದ್ದೇನೆ. ನೋಡಿ ಅಪ್ಪಾ, ಕಾಯುವ ಅವಧಿಯ ಪಾಲಿಸಿ ತಗೊಂಡಿದ್ದರೆ ಈಗ ಸಿಕ್ಕಿಬೀಳುತ್ತಿದ್ದೆ.

ನಿಮ್ಮ
ಮೃದುಲಾ


ಮಡಗಾಂವ್
9 ಮಾರ್ಚ್ 2025

ಮೃದುಲಾ,

ನಿನ್ನ ಪತ್ರ ಮುಟ್ಟಿತು. ನಿನ್ನವ್ವ ಅದನ್ನು ಓದಿ, ಗಂಜಿಗೆ ಜೀರಿಗೆ ಹಾಕಿದ್ದಳೋ ಇಲ್ಲವೋ ಕೇಳಿ ಅಂದಿದ್ದಾಳೆ.

ಆ ದಿನ ಸಂಜೆ ನಾನು ಇನ್ನೂ ವಾಸ್ಕೋದ ಆಫೀಸಿನಲ್ಲೇ ಇದ್ದೆ. ಮನೆಗೆ ಬಂದಾಗ ಇವಳು ದೇವರ ಮುಂದೆ ಕೂತಿದ್ದಳು. ಏನು ಕೇಳಿದರು, ಏನು ಹೇಳಿದೆ ಎಂದರೆ, "ಕೇಳಿದ್ದಕ್ಕ ಹೇಳೀನ್ರಿ" ಎಂದಷ್ಟೇ ಅಂದಳು. ಈಗಲೂ ಅದಕ್ಕಿಂತ ಹೆಚ್ಚು ಹೇಳಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಗಾಬರಿಯಾಗಿತ್ತು ಅವಳಿಗೆ.

ಪಾಲಿಸಿಯ ವಿಷಯದಲ್ಲಿ ನೀನು ಗೆದ್ದೆ. ಒಪ್ಪಿದ್ದೇನೆ.

ಅಪ್ಪ


ಗಾಲ್ವೇ
16 ಏಪ್ರಿಲ್ 2025

ಅಪ್ಪಾ,

ಗೆದ್ದೆ ಎಂದು ಬೇಗ ಹೇಳಿಬಿಟ್ಟಿರಿ.

ವಿಮೆ ಕಂಪನಿಯಿಂದ ಉತ್ತರ ಬಂದಿದೆ. ಕ್ಲೇಮು ತಿರಸ್ಕರಿಸಿದ್ದಾರೆ. ಅದರ ಜೊತೆಗೆ, ನಾನು ಹಳೆಯ ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಪಡೆದಿದ್ದೇನೆ, ಆದ್ದರಿಂದ ಮೊದಲ ದಿನದಿಂದಲೇ ಪಾಲಿಸಿ ರದ್ದು ಎಂದು ಬರೆದಿದ್ದಾರೆ. ಕಾರಣ ಆಸ್ಪತ್ರೆಯ ಕಡತದ ಒಂದು ಸಾಲು. ಅದನ್ನು ಕನ್ನಡಕ್ಕೆ ತಂದು ಬರೆಯುತ್ತೇನೆ: "ತಾಯಿಯ ಹೇಳಿಕೆ. ರೋಗಿಗೆ ಹದಿಮೂರನೆಯ ವಯಸ್ಸಿನಿಂದ ಹೊಟ್ಟೆಯ ಕಾಯಿಲೆ. ಪ್ರತಿ ತಿಂಗಳು ಮೂರು ದಿನ ಹೊರರೋಗಿಯಾಗಿ ಚಿಕಿತ್ಸೆ."

ನಾನು ಯಾವ ಆಸ್ಪತ್ರೆಗೆ ತಿಂಗಳಿಗೆ ಮೂರು ದಿನ ಹೋಗುತ್ತಿದ್ದೆ? ನೆನಪು ಮಾಡಿಕೊಂಡು ಮಾಡಿಕೊಂಡು ಸಾಕಾಗಿದೆ. ಹೊಟ್ಟೆಗೆ ಎಂದು ಡಾಕ್ಟರ ಹತ್ತಿರ ನಾನು ಹೋದದ್ದು, ಮಡಗಾಂವ್ ಮಾರ್ಕೆಟ್ಟಿನಲ್ಲಿ ಕಲ್ಲಂಗಡಿ ತಿಂದು ಭೇದಿಯಾದಾಗ ಒಮ್ಮೆ.

ದುಡ್ಡಿನ ಮಾತು ಪಕ್ಕಕ್ಕಿರಲಿ, ಆಸ್ಪತ್ರೆಯವರು ಕಂತಿನಲ್ಲಿ ಕಟ್ಟಿ ಅಂದಿದ್ದಾರೆ. ನನ್ನ ಚಿಂತೆ ಬೇರೆ. ಪಿಎಚ್‌ಡಿ ಜಾಗ ನನಗೇ ಎಂದು ಕಳೆದ ವಾರ ತಿಳಿಸಿದರು. ಅದಕ್ಕೆ ಸೆಪ್ಟೆಂಬರಿನಲ್ಲಿ ವಾಸದ ಕಾರ್ಡು ಹೊಸದಾಗಬೇಕು, ಕಾರ್ಡಿಗೆ ವಿಮೆ ಬೇಕು. ಸುಳ್ಳು ಹೇಳಿದ್ದಾಳೆ ಎಂದು ಒಂದು ಕಂಪನಿ ರದ್ದು ಮಾಡಿದವಳಿಗೆ ಇನ್ನೊಂದು ವಿದ್ಯಾರ್ಥಿ ವಿಮೆ ಯಾರು ಕೊಡುತ್ತಾರೆ? ಮೊದಲ ವರ್ಷ ವಿಮೆಯೇ ಇರಲಿಲ್ಲ ಎಂದಾದರೆ ಕಾರ್ಡಿನ ಕಚೇರಿಯವರೂ ಕೇಳುತ್ತಾರೆ. ಇದು ಸರಿಯಾಗದಿದ್ದರೆ ಸಾಮಾನು ಕಟ್ಟಿಕೊಂಡು ಬರುವುದೇ.

ಅವ್ವ ಏನು ಹೇಳಿದಳು ಎಂದು ಸಮಾಧಾನದಿಂದ ಕೇಳಿ.

ಮೃದುಲಾ


ಮಡಗಾಂವ್
4 ಮೇ 2025

ಮೃದುಲಾ,

ಮಾಡಿದ್ದನ್ನು ತಿಳಿಸುತ್ತೇನೆ.

ನಮ್ಮ ಡಾಕ್ಟರ ಹತ್ತಿರ ಹೋಗಿ, ನೀನು ಯಾವ ದೀರ್ಘ ಕಾಯಿಲೆಗೂ ಅವರಲ್ಲಿ ಚಿಕಿತ್ಸೆ ಪಡೆದಿಲ್ಲ ಎಂದು ಬರೆಸಿಕೊಂಡೆ. ಇಲ್ಲಿಯ ನಮ್ಮ ಮನೆಮಂದಿಯ ಪಾಲಿಸಿಯಲ್ಲಿ ನಿನ್ನ ಹೆಸರಿನಲ್ಲಿ ಒಂದೂ ಕ್ಲೇಮು ಇಲ್ಲ ಎಂಬ ಪತ್ರವನ್ನು ಜಾವೇದ ತೆಗೆಸಿಕೊಟ್ಟ. ಪಾಪ, ಅದಕ್ಕಾಗಿ ಪಣಜಿಗೆ ಹೋಗಿಬಂದ. ಎರಡನ್ನೂ ಸೇರಿಸಿ ಕಂಪನಿಗೆ ಮೇಲ್ ಹಾಕಿದೆ. ಅವರ ಉತ್ತರ ನೀನೂ ನೋಡಿರುತ್ತೀಯ. ಕ್ಲೇಮು ಇಲ್ಲ ಎಂದರೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲವಂತೆ. ಬೇರೆ ಆಸ್ಪತ್ರೆಗೆ ಹೋಗಿರಬಹುದಂತೆ. ತಾಯಿ ಹೇಳಿದ ಮೇಲೆ ತಾಯಿಯ ಮಾತೇ ಮುಖ್ಯವಂತೆ. ಆದರೆ ಒಂದು ಮಾತು ಉಪಯೋಗದ್ದಿದೆ: ಹೇಳಿಕೆ ತಪ್ಪಾಗಿದೆ ಎಂದಾದರೆ ಹೇಳಿದವರೇ ಬಂದು ತಿದ್ದಬಹುದು, ಕಂಪನಿಯ ಡಾಕ್ಟರ ಮುಂದೆ ಮರುವಿಚಾರಣೆ ಇದೆ ಎಂದಿದ್ದಾರೆ.

ನಿನ್ನವ್ವನನ್ನು ಕೇಳಿದೆ. ನಿನ್ನ ದೊಡ್ಡಪ್ಪನೂ ಚಹಾ ಕುಡಿಯುತ್ತ ಅಲ್ಲೇ ಇದ್ದರು.

"ಹೊರರೋಗಿ ಅಂತ ಯಾಕ ಹೇಳಿದಿ? ಯಾವ ದವಾಖಾನಿ?"

"ನಾ ದವಾಖಾನಿ ಅಂತ ಹೇಳೇ ಇಲ್ಲ."

"ಮತ್ತ ಏನ ಹೇಳಿದಿ?"

"ಇದ್ದದ್ದು ಹೇಳೀನಿ."

"ಹುಡುಗಿ ಓದು ನಿಂದರತೈತಿ, ಒಂದು ಮಾತು ಬಿಡಿಸಿ ಹೇಳಾಕ ಏನ ಕಷ್ಟ?" ಎಂದರು ಅಣ್ಣ.

ಅದಕ್ಕೆ ಅವಳು ಎದ್ದು ಒಳಗೆ ಹೋದಳು. ಅಣ್ಣನ ಬಟ್ಟಲು ಅರ್ಧಕ್ಕೇ ಎತ್ತಿಕೊಂಡು ಹೋದಳು. ಅದು ಅವಳ ಸಿಟ್ಟಿನ ಲಕ್ಷಣ. ಅವತ್ತಿನಿಂದ ಈ ವಿಷಯ ತೆಗೆದರೆ ಮಾತೇ ಇಲ್ಲ.

ಮರುವಿಚಾರಣೆಗೆ ನಾನೇ ಮಾತಾಡುತ್ತೇನೆ ಎಂದು ಬರೆಯಲೇ?

ಅಪ್ಪ


ಮಡಗಾಂವ್
ಮೇ 11, ರವಿವಾರ

ಮೃದು,

ನಾ ಎಂದೂ ಇಷ್ಟುದ್ದ ಬರದಾಕಿ ಅಲ್ಲ. ಫೋನ್ ಮಾಡಿ ಹೇಳೂಣು ಅಂದ್ರ ನಿಮ್ಮಪ್ಪ ಸ್ಪೀಕರ್ ಹಾಕ್ತಾರ, ನಿಮ್ಮ ದೊಡ್ಡಪ್ಪನ ಕಿವಿ ಬಾಗಲದಾಗ ಇರತೈತಿ. ಅದಕ್ಕ ಬರಿಯಾಕತ್ತೇನಿ. ಮೀನಾನ ಕಡಿಂದ ಫೋಟೋ ತಗಸಿ ಕಳಸ್ತೇನಿ. ಆಕಿ ಕೊಂಕಣಿಯಾಕಿ, ಕನ್ನಡ ಓದಾಕ ಬರೂದಿಲ್ಲ, ಅದೊಂದು ಚಲೋ ಆತು.

ಎಲ್ಲಾರೂ ನನ್ನ ಕೇಳಾಕತ್ತಾರ, ಏನ ಹೇಳಿದಿ ಏನ ಹೇಳಿದಿ ಅಂತ. ನಾ ಸುಳ್ಳ ಹೇಳಿಲ್ಲ ಮೃದು. ಆ ದಿನ ಫೋನ್ ಬಂದಾಗ ನಿಮ್ಮಪ್ಪ ಇರಲಿಲ್ಲ. ಭಾವ, ನಿಮ್ಮ ದೊಡ್ಡಪ್ಪ, ಹೊರಗಿನ ಖೋಲಿಯೊಳಗ ಪೇಪರ್ ಓದಾಕತ್ತಿದ್ರು. ಫೋನಿನ್ಯಾಗ ಒಬ್ಬ ಹುಡುಗ. ದನಿ ಕೇಳಿದ್ರ ನಿನಗಿಂತ ಸಣ್ಣಾಂವ ಇರಬೇಕು. ಪುಸ್ತಕದಾಗ ಬರದಂಗ ಕನ್ನಡ ಮಾತಾಡಾಕತ್ತಿದ್ದ. ಅಲ್ಲೇ ಹುಟ್ಟಿ ಬೆಳದಾಂವ ಅಂತ ಕಾಣತೈತಿ. "ಅಮ್ಮಾ, ನಿಮ್ಮ ಮಗಳಿಗೆ ಮುಂಚೆ ಹೊಟ್ಟೆಯ ತೊಂದರೆ ಇತ್ತೇ?" ಅಂದ.

ಡಾಕ್ಟರಿಗೆ ಮುಚ್ಚಿಡಬಾರದು ಅಂತ ನನಗ ಗೊತ್ತೈತಿ. ನೀ ಜೀವದ ಮ್ಯಾಲೆ ಮಲಗೀದಿ. ನಾ ದನಿ ಸಣ್ಣದ ಮಾಡಿ, "ತಿಂಗಳಾ ಮೂರ ದಿನ ಹೊರಗ ಆಗ್ತಾಳಲ್ರಿ, ಆವಾಗ ಹೊಟ್ಟಿಬ್ಯಾನಿ ಭಾಳ. ಹದಿಮೂರರಾಗ ದೊಡ್ಡಾಕಿ ಆದಾಗಿಂದ ಹಂಗ ಐತಿ" ಅಂತ ಹೇಳಿದೆ. ಅಂವ "ಹೊರಗೆ ಅಂದರೆ ಎಲ್ಲಿಗೆ ಅಮ್ಮಾ?" ಅಂದ. ನನಗ ಸಿಟ್ಟ ಬಂತು. ಹೊರಗ ಅಂದ್ರ ಗೊತ್ತಿಲ್ಲೇನು? ಭಾವ ಬ್ಯಾರೆ ಪೇಪರ್ ಕೆಳಗ ಇಳಿಸಿ ನೋಡಾಕತ್ತಿದ್ರು. "ಹೊರಗ ಅಂದ್ರ ಹೊರಗ, ಮನಿಗೆ ಹೋಗಿ ನಿಮ್ಮವ್ವನ್ನ ಕೇಳು" ಅಂದೆ. ಅಂವ ಮುಂದಿಂದು ಕೇಳಾಕ ಹತ್ತಿದ.

ಇಷ್ಟ ನಾ ಹೇಳಿದ್ದು. ಅದಕ್ಕ ಅವರು ದವಾಖಾನಿ ಯಾಕ ಕೇಳಾಕತ್ತಾರ, ನನಗ ತಿಳಿವಲ್ದು. ಭಾವನ ಮುಂದ ಇದನ್ನ ಬಿಡಿಸಿ ಹ್ಯಾಂಗ ಹೇಳಲಿ?

ನಿಮ್ಮಪ್ಪಗ ನೀ ಹೇಳಬ್ಯಾಡ.

ಅವ್ವ


ಗಾಲ್ವೇ
12 ಮೇ 2025

ಅವ್ವಾ,

ಇದನ್ನೂ ಮೀನಾಳ ಫೋನಿಗೇ ಕಳಿಸುತ್ತಿದ್ದೇನೆ. ನಿನ್ನ ಪತ್ರ ಮೂರು ಸಲ ಓದಿದೆ. ಮೊದಲ ಸಲ ನಗು ಬಂದು ಹೊಟ್ಟೆಯ ಗಾಯ ಹಿಡಿದುಕೊಂಡೆ. ಎರಡನೆಯ ಸಲ ಅಳು ಬಂತು. ಮೂರನೆಯ ಸಲ ಪೆನ್ಸಿಲ್ ಹಿಡಿದು ಓದಿದೆ.

ಆದದ್ದು ಇಷ್ಟು. ಆ ಹುಡುಗನಿಗೆ "ಹೊರಗ ಆಗೂದು" ಎಂದರೆ ತಿಳಿಯಲಿಲ್ಲ. ತಿಂಗಳು ತಿಂಗಳು ಹೊರಗೆ ಹೋಗುತ್ತಾಳೆ, ಹೊಟ್ಟೆಯ ಬೇನೆಗೆ ಹೋಗುತ್ತಾಳೆ, ಅಂದರೆ ಆಸ್ಪತ್ರೆಗೇ ಎಂದು ಅವನು ಹೊಂದಿಸಿಕೊಂಡ. ಒಳಗೆ ಮಲಗಿಸಿಕೊಳ್ಳದೆ ಚಿಕಿತ್ಸೆ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತಿನಲ್ಲೂ "ಔಟ್", ಅಂದರೆ "ಹೊರಗೆ" ಎಂಬುದೇ ಇದೆ. ಮತ್ತೆ ನಾವು "ಬ್ಯಾನಿ" ಎಂದರೆ ನೋವು. ಅವನಿಗೆ ಬೇನೆ ಎಂದರೆ ಕಾಯಿಲೆ. ಎರಡೂ ತಪ್ಪು ಸೇರಿ ಒಂದು ಒಳ್ಳೆಯ ಸುಳ್ಳಾಯಿತು. ನಾನೂ ಅಪ್ಪನೂ ಇಷ್ಟು ದಿನ ಇಂಗ್ಲಿಷ್ ಸಾಲನ್ನೇ ಓದುತ್ತಿದ್ದೆವು, ಅದಕ್ಕೇ ನಮಗೂ ಹೊಳೆಯಲಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮರುವಿಚಾರಣೆ ಜೂನ್ ಎರಡನೆಯ ವಾರ, ವೀಡಿಯೋದಲ್ಲಿ. ಹೇಳಿದವರೇ ತಿದ್ದಬೇಕು ಎಂಬುದು ಅವರ ನಿಯಮ. ಅಪ್ಪ ಮಾತಾಡಿದರೆ ನಡೆಯುವುದಿಲ್ಲ. ನಾನು ಮಾತಾಡಿದರೆ ಲಾಭಕ್ಕೆ ಹೇಳುತ್ತಾಳೆ ಎನ್ನುತ್ತಾರೆ. ನಮ್ಮ ಕಡೆಯ ಕನ್ನಡ ತಿಳಿಯುವ ದುಭಾಷಿ ಬೇಕೆಂದು ಕೇಳಿದ್ದೇನೆ. ಹೆಂಗಸು ಸಿಗಬಹುದು, ಸಿಗದೆಯೂ ಇರಬಹುದು.

ಒಳಗೆ ಎದ್ದು ಹೋಗಬೇಡ ಅವ್ವಾ. ಅಪ್ಪನಿಗೆ ನಾನು ಹೇಳುವುದಿಲ್ಲ. ಹೇಳುವುದಾದರೆ ನೀನೇ ಹೇಳು.

ನಿನ್ನ
ಮೃದು


ಮಡಗಾಂವ್
13 ಜೂನ್ 2025

ಮೃದುಲಾ,

ನಿನಗೆ ಅವರು ವಿಚಾರಣೆಯಲ್ಲಿ ಕೂರಲು ಬಿಡಲಿಲ್ಲವಾದ್ದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲು ಹಿಂದಿನ ವಾರದ ಸಂಗತಿ. ನಾನು ಪೇಪರ್ ಓದುತ್ತಿದ್ದಾಗ ನಿನ್ನವ್ವ ಆಸ್ಪತ್ರೆಯ ಕಾಗದ ಹಿಡಿದು ಬಂದಳು. "ಇದರಾಗ ಔಟ್ ಅಂತ ಎಲ್ಲಿ ಬರದಾರ, ತೋರಿಸ್ರಿ" ಎಂದಳು. ಬೆರಳಿಟ್ಟು ತೋರಿಸಿದೆ. "ಇದು ನಾ ಹೊರಗ ಅಂದದ್ದು" ಎಂದಳು. ಅಷ್ಟೇ. ನನಗೆ ಅರ್ಥವಾಗಲು ಅಷ್ಟು ಸಾಕಾಯಿತು. ಯಾರು ಮೊದಲು ನಕ್ಕರು ಎಂಬುದರ ಬಗ್ಗೆ ಮನೆಯಲ್ಲಿ ಈಗ ಎರಡು ಅಭಿಪ್ರಾಯಗಳಿವೆ.

ನಿನ್ನೆಯ ವಿಚಾರಣೆಗೆ ಅವಳು ಇಳಕಲ್ ಸೀರೆ ಉಟ್ಟು ಕೂತಳು. ಪರದೆಯ ಆ ಕಡೆ ಮೂವರು. ಕಂಪನಿಯ ಅಧಿಕಾರಿ ಒಬ್ಬ ನಡುವಯಸ್ಸಿನ ಗಂಡಸು, ಕಂಪನಿಯ ಡಾಕ್ಟರ್ ಒಬ್ಬ ಹೆಂಗಸು, ಮತ್ತೆ ದುಭಾಷಿ. ದುಭಾಷಿಯೂ ಗಂಡಸೇ. ಹೆಂಗಸು ಸಿಗಲಿಲ್ಲವಂತೆ. ಆದರೆ ಬಾಗಲಕೋಟೆಯ ಕಡೆಯವರು, ವಯಸ್ಸಾದವರು. ನಾನು ನಿನ್ನವ್ವನ ಮುಖ ನೋಡಿದೆ. ಎದ್ದು ಹೋಗುತ್ತಾಳೆ ಎಂದುಕೊಂಡೆ. ಅದೇ ಹೊತ್ತಿಗೆ ಅಣ್ಣನೂ ಮೇಲೆ ಬಂದರು. ನಾನು ಅವರನ್ನು ಕೆಳಗೆ ಕಳಿಸೋಣ ಎಂದು ಎದ್ದರೆ, "ಇರ್ಲಿ ಬಿಡ್ರಿ. ಭಾವ, ಕೂಡ್ರಿ. ಆ ದಿನ ನೀವೂ ಇದ್ರಿ" ಎಂದಳು ಇವಳು.

ಮುಂದಿನದನ್ನು ಮಾತು ಬಿಡದೆ ಬರೆಯುತ್ತೇನೆ.

ದುಭಾಷಿ ಕೇಳಿದರು: "ಅಕ್ಕಾರ, ನಿಮ್ಮ ಮಗಳು ತಿಂಗಳಿಗೆ ಮೂರ ದಿನ ಹೊರಗ ಎಲ್ಲಿಗೆ ಹೋಗ್ತಿದ್ರು ಅಂತ ಕೇಳಾಕತ್ತಾರ್ರಿ."

"ಎಲ್ಲೂ ಹೋಗ್ತಿದ್ದಿಲ್ರಿ. ಮನಿಯಾಗ ಇರ್ತಿದ್ಲು."

"ಹಂಗಾದ್ರ ಹೊರಗ ಅಂದಿದ್ರೆಲ್ಲ?"

"ಮುಟ್ಟ ಆಗ್ತಿದ್ಲು ಅಂತ ಅದರ ಅರ್ಥ. ನೀವು ಬಾಗಲಕೋಟಿಯವರು, ನಿಮಗ ಗೊತ್ತಿರಬೇಕಲ್ರಿ."

ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡ. "ಗೊತ್ತೈತ್ರಿ ಅಕ್ಕಾರ. ಆದ್ರ ನಾ ಹೇಳಂಗಿಲ್ಲ, ನೀವು ಹೇಳಿದ್ದನ್ನ ಹೇಳಬೇಕು."

"ಹಂಗಾದ್ರ ಬರಕೋರಿ. ನಮ್ಮ ಕಡೆ ಆ ಮಾತು ಬಾಯಾಗ ತರೂದಿಲ್ಲ. ಹೊರಗ ಅಂತೇವಿ, ದೂರ ಅಂತೇವಿ. ನಮ್ಮತ್ತಿ ಇದ್ದಾಗ ಖರೇನ ಪಡಸಾಲಿಯಾಗ ಕೂಡಸ್ತಿದ್ರು. ಇಲ್ಲಿ ಫ್ಲ್ಯಾಟಿನ್ಯಾಗ ಎರಡ ಖೋಲಿ, ಹೊರಗ ಎಲ್ಲಿಂದ ತರೂದು? ಮಾತ ಅಷ್ಟ ಉಳದೈತಿ."

ದುಭಾಷಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ನಾನು ಕಿವಿಗೊಟ್ಟು ಕೇಳಿದೆ, ಒಂದು ಮಾತೂ ಬಿಡಲಿಲ್ಲ. ಅಧಿಕಾರಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಡಾಕ್ಟರ್ ಮಾತ್ರ ಇವಳನ್ನೇ ನೋಡುತ್ತಿದ್ದರು. ಹಾಗಾದರೆ ಹೊಟ್ಟೆಯ ಕಾಯಿಲೆ ಯಾವುದು ಎಂದು ಅವರು ಕೇಳಿದರು.

"ಕಾಯಿಲೆ ಅಂತ ನಾ ಅಂದಿಲ್ರಿ. ಹೊಟ್ಟಿಬ್ಯಾನಿ ಅಂದೀನಿ. ಬ್ಯಾನಿ ಅಂದ್ರ ನೋವು. ಆ ದಿನದಾಗ ಕಿಬ್ಬೊಟ್ಟಿ ನೋಯತೈತಿ, ಬಿಸಿನೀರಿನ ಚೀಲ ಇಟಗೊಂಡು ಮಲಗಿದ್ರ ಹೋಗತೈತಿ. ಡಾಕ್ಟರಬಾಯಿ ಅವರನ್ನ ಕೇಳ್ರಿ, ಅವರಿಗೆ ಎಂದೂ ನೋವು ಆಗಿಲ್ಲೇನು?"

ದುಭಾಷಿ ಮತ್ತೆ ಕನ್ನಡಕಕ್ಕೆ ಕೈ ಹಾಕಿದರು. ಇವಳು, "ಕೇಳ್ರಿ. ನಾ ಹೇಳಿದ್ದನ್ನ ಹೇಳಬೇಕು ಅಂದ್ರೆಲ್ಲ" ಎಂದಳು. ಅವರು ಕೇಳಿದರು.

ಡಾಕ್ಟರ್ ನಕ್ಕರು. ಆಗಿದೆ ಎಂದರು.

"ಹಂಗಾದ್ರ ಅವರಿಗೂ ಮೊದಲಿಂದ ಕಾಯಿಲೆ ಐತಿ ಅಂತ ಬರಕೋರಿ. ಅವರ ಪಾಲಿಸಿನೂ ರದ್ದ ಮಾಡ್ರಿ."

ಇದನ್ನು ಇಂಗ್ಲಿಷಿಗೆ ತರುವಾಗ ಬಾಗಲಕೋಟೆಯವರ ದನಿ ನಡುಗಿತು. ಅದು ನಗುವೇ ಇರಬೇಕು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ. ನಮ್ಮ ಸೋಫಾದ ಮೇಲೆ ಅಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು, ಆದರೆ ಎದ್ದು ಹೋಗಲಿಲ್ಲ.

ಕೊನೆಗೆ ಡಾಕ್ಟರ್, ಅಪೆಂಡಿಕ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಾನು ಬರೆದುಕೊಡುತ್ತೇನೆ, ಮೊದಲ ಕರೆಯ ಧ್ವನಿಮುದ್ರಣವನ್ನೂ ಇವತ್ತಿನ ದುಭಾಷಿಗೆ ಕೇಳಿಸುತ್ತೇವೆ ಎಂದರು. ತೀರ್ಮಾನ ಪತ್ರದಲ್ಲಿ ಬರುತ್ತದಂತೆ.

ಪರದೆ ಆರಿದ ಮೇಲೆ ಅಣ್ಣ ಎದ್ದು, "ಚಲೋ ಹೇಳಿದಿ ಸರಸ್ವತಿ" ಎಂದು ಹೇಳಿ ಕೆಳಗೆ ಹೋದರು. ನಾನು ಏನು ಹೇಳಿದೆ ಎಂದು ಕೇಳಬೇಡ. ಚಹಾ ಮಾಡಿಕೊಟ್ಟೆ.

ಅಪ್ಪ


ಗಾಲ್ವೇ
4 ಜುಲೈ 2025

ಅವ್ವಾ, ಅಪ್ಪಾ,

ಕಂಪನಿಯ ಪತ್ರ ಇವತ್ತು ಬೆಳಗ್ಗೆ ಬಂತು. ಅವ್ವನಿಗೆ ಅಪ್ಪ ಓದಿ ಹೇಳಬೇಕು, ನಿಧಾನವಾಗಿ.

ಕ್ಲೇಮು ಪೂರ್ತಿ ಒಪ್ಪಿದ್ದಾರೆ. ಪಾಲಿಸಿ ಮೊದಲ ದಿನದಿಂದ ಚಾಲ್ತಿಯಲ್ಲಿತ್ತು, ಇದೆ ಎಂದು ಬರೆದಿದ್ದಾರೆ. ಮುಚ್ಚಿಟ್ಟಿದ್ದಾಳೆ ಎಂಬ ಮಾತನ್ನು ನನ್ನ ಹೆಸರಿನಿಂದ ತೆಗೆದುಹಾಕಿದ್ದಾರೆ. ಆಸ್ಪತ್ರೆಯ ಕಡತದಲ್ಲಿ ಆ ಸಾಲಿಗೆ ಗೆರೆ ಎಳೆದು ಪಕ್ಕದಲ್ಲಿ ತಿದ್ದುಪಡಿ ಬರೆದ ಪ್ರತಿಯೂ ಬಂದಿದೆ: "ಸಹಜ ಮುಟ್ಟಿನ ನೋವು. ಕಾಯಿಲೆಯಲ್ಲ. ತಾಯಿಯ ವಿವರಣೆಯಂತೆ." ತಾಯಿಯ ಹೆಸರನ್ನು ಪೂರ್ತಿ ಬರೆದಿದ್ದಾರೆ. ಸರಸ್ವತಿಬಾಯಿ ವಸಂತ ಪತ್ತಾರ. ಒಂದಕ್ಷರ ತಪ್ಪಿಲ್ಲ ಅಪ್ಪಾ, ನೋಡಿದೆ.

ಏಫಾಗೆ ಎಲ್ಲ ವಿವರಿಸಿ ಹೇಳಿದೆ. ತನ್ನ ಅಜ್ಜಿಯೂ ಆ ದಿನಗಳನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲವಂತೆ, ನೆಂಟರು ಬಂದಿದ್ದಾರೆ ಎನ್ನುತ್ತಿದ್ದಳಂತೆ. ಹಾಗಾದರೆ ನಿಮ್ಮಜ್ಜಿಯ ಕಡತದಲ್ಲಿ ತಿಂಗಳಿಗೊಮ್ಮೆ ಅತಿಥಿಗಳು ಎಂದು ಬರೆಯುತ್ತಿದ್ದರು ಎಂದೆ. ಇಬ್ಬರೂ ನಕ್ಕು ನಕ್ಕು ಊಟ ಆರಿಹೋಯಿತು.

ಇನ್ನು ಮುಂದಿನ ವಿಮೆಯ ವಿಚಾರ. ಪಿಎಚ್‌ಡಿ ನಾಲ್ಕು ವರ್ಷ. ಏನು ಮಾಡಲಿ ಹೇಳಿ, ಈ ಸಲ ಕೇಳುತ್ತೇನೆ.

ನಿಮ್ಮ
ಮೃದುಲಾ


ಮಡಗಾಂವ್
13 ಜುಲೈ 2025

ಮೃದುಲಾ,

ನಿನ್ನ ಪತ್ರವನ್ನು ಅವಳಿಗೆ ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ಮೀನಾ ಬಂದಳು, ಅವಳಿಗೆ ಕೊಂಕಣಿಯಲ್ಲಿ ಇವಳೇ ಹೇಳಿದಳು. ಹೊರಗ ಎಂಬ ಮಾತಿಗೆ ಕೊಂಕಣಿಯಲ್ಲಿ ಏನೆನ್ನುತ್ತೀರಿ ಎಂದು ಇವಳು ಕೇಳಿದಳು, ಮೀನಾ ಹೇಳಿದಳು, ಆಮೇಲೆ ಇಬ್ಬರೂ ನನ್ನನ್ನು ಮಾರ್ಕೆಟ್ಟಿಗೆ ಕಳಿಸಿದರು. ಬಂಗಡೆ ತಂದೆ.

ವಿಮೆಯ ಬಗ್ಗೆ ನನ್ನ ಸಲಹೆ. ಒಂದು ವರ್ಷಕ್ಕೆ ನೀನು ತಗೊಂಡದ್ದು ಸರಿ, ನಾಲ್ಕು ವರ್ಷಕ್ಕೆ ನಾನು ಹೇಳಿದ್ದು ಸರಿ. ವಿದ್ಯಾರ್ಥಿ ವಿಮೆಯನ್ನು ಬಿಡಬೇಡ, ಅದು ನಡೆಯುತ್ತಿರುವಾಗಲೇ ಅಲ್ಲಿಯ ಜನರ ವಿಮೆಗೂ ಸೇರು. ಆರು ತಿಂಗಳ ಕಾಯುವಿಕೆ ಹಳೆಯ ಪಾಲಿಸಿಯ ನೆರಳಿನಲ್ಲಿ ಕಳೆಯುತ್ತದೆ. ಅದು ಮುಗಿದ ದಿನ ಹಳೆಯದನ್ನು ಬಿಡು. ಒಂದು ದಿನವೂ ಬಯಲಿನಲ್ಲಿ ನಿಲ್ಲಬೇಡ. ಎರಡು ಕಂತು ಕಟ್ಟುವುದು ಭಾರವೆನಿಸಿದರೆ ತಿಳಿಸು. ಮೊದಲೇ ಇದ್ದ ಕಾಯಿಲೆ ಯಾವುದೂ ಇಲ್ಲ ಎಂದು ಬರೆಯುವಾಗ ಈಗ ನಿನ್ನ ಹತ್ತಿರ ಪುರಾವೆಯೇ ಇದೆ.

ಅಪ್ಪ


ಗಾಲ್ವೇ
26 ಸೆಪ್ಟೆಂಬರ್ 2025

ಅವ್ವಾ, ಅಪ್ಪಾ,

ಇವತ್ತು ಬೆಳಗ್ಗೆ ಹೊಸ ಕಾರ್ಡು ಕೈಗೆ ಬಂತು. ಕಚೇರಿಯವನು ವಿಮೆಯ ಕಾಗದ ತಿರುವಿ ನೋಡಿದ, ಕೇಳಿದ್ದು ಏನೂ ಇಲ್ಲ. ಸೀಲು ಹಾಕಿದ. ಅಲ್ಲಿಂದ ನೇರ ಸಮುದ್ರಕ್ಕೆ ಹೋದೆ. ಇಳಿತದ ಹೊತ್ತು. ಪಾಚಿಯ ಮೊದಲ ಮಾದರಿಗಳನ್ನು ಬಂಡೆಯಿಂದ ಕಿತ್ತು, ನನ್ನ ಹೆಸರಿನ ಚೀಟಿ ಕಟ್ಟಿ ಡಬ್ಬಿಗೆ ತುಂಬಿದೆ. ಇನ್ನು ನಾಲ್ಕು ವರ್ಷ ಈ ಬಂಡೆಗಳು ನನ್ನವು.

ಮಧ್ಯಾಹ್ನ ಇಲ್ಲಿಯ ಜನರ ವಿಮೆಗೂ ಸೇರಿದೆ, ಅಪ್ಪ ಹೇಳಿದ ಹಾಗೆಯೇ. ಕೌಂಟರಿನ ಹುಡುಗಿ ಎಲ್ಲ ಬರೆದುಕೊಂಡಳು. ಕೊನೆಗೆ, ನಿಮಗೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದಳು. ಅವ್ವನ ಹೆಸರು ಹೇಳಿದೆ.

ಅವರಿಗೆ ಇಂಗ್ಲಿಷ್ ಬರುತ್ತದೆಯೇ ಎಂದಳು.

ಬರುವುದಿಲ್ಲ, ಕನ್ನಡದವರನ್ನು ಲೈನಿನಲ್ಲಿ ತಗೊಳ್ಳಿ ಎಂದೆ.

ದುಭಾಷಿ ಹೆಂಗಸೇ ಬೇಕು ಎಂದು ಬರೆಯಲೇ ಎಂದಳು.

ಬೇಡ, ಯಾರಾದರೂ ಆದೀತು ಎಂದೆ.

ನಿಮ್ಮ
ಮೃದುಲಾ